ಹಲಸಿನ ಮೇಣ ಮೆತ್ತಿದ ಕಣ್ಣು

2024ರ ನವೆಂಬರ್ 11, ಸೋಮವಾರ ಬೆಳಿಗ್ಗೆ 9.15ಕ್ಕೆ ಶಿರಸಿ ಗ್ರಾಮಾಂತರ ಠಾಣೆಗೆ ದೂರು ಬಂತು. ತಂದವರು ಯಲ್ಲಾಪುರದ ಇಂಜಿನಿಯರ್ ಕಮಲಾಕರ ಹೆಗಡೆ. ಎಕ್ಕಂಬಿಯ ಕರೆಂಟ್ ಕಂಬಗಳಿಗೆ ಅವರು ಪರೀಕ್ಷೆಗೆಂದು ಹಾಕಿದ್ದ ಹನ್ನೆರಡು ಪೆಟ್ಟಿಗೆಗಳಲ್ಲಿ ಒಂದು ನಾಲ್ಕು ದಿನದಿಂದ ಕುರುಡಾಗಿತ್ತು.

ಪಿಎಸ್‌ಐ ಪ್ರತಿಭಾಗೆ ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಕರೆಂಟು ಎಲ್ಲಾದರೂ ನೆಲಕ್ಕೆ ಸೋರಿದರೆ ಪೆಟ್ಟಿಗೆಯೊಳಗಿನ ಬೆಳಕಿನ ಎಳೆ ಕೂದಲಷ್ಟು ವಾಲುತ್ತದೆ, ಗಾಜಿನ ಕಣ್ಣು ಅದನ್ನು ಹಿಡಿದು ಫೋನಿಗೆ ಸುದ್ದಿ ಕಳಿಸುತ್ತದೆ. ಪೇಟೆಂಟ್ ಕೈಗೆ ಬರಲು ಆರು ವರ್ಷ ಹಿಡಿದಿತ್ತು.

"ಪೆಟ್ಟಿಗೆ ಹೋದ್ರೆ ಹೋಗ್ಲಿ. ಸೋರೋದು ಕಾಣದೇ ಇದ್ರೆ ಯಾರಾದ್ರೂ ಸಾಯ್ತಾರೆ ಮೇಡಂ."

ಪ್ರತಿಭಾ ಎಫ್‌ಐಆರ್ ದಾಖಲಿಸಿದಳು. ಸಿದ್ದಾಪುರದಲ್ಲಿದ್ದಾಗ ಕಾಡುಹಂದಿ ತಡೆಯಲು ಕರೆಂಟು ಬಿಟ್ಟ ಬೇಲಿಯಲ್ಲಿ ಸತ್ತ ಹೆಂಗಸಿನ ಶವ ಪಂಚನಾಮೆ ಬರೆದವಳು ಅವಳು. ಆ ಸುಟ್ಟ ಅಂಗೈ ಇಂದಿಗೂ ಅವಳ ನಿದ್ದೆ ಕೆಡಿಸುತ್ತಿತ್ತು.

10.30ಕ್ಕೆ ಎಕ್ಕಂಬಿಯ 23ನೇ ಕಂಬ. ಹೆಗಡೆಯವರು ಏಣಿ ಹತ್ತಿ ನೋಡಿದರು. ಗಾಜು ಒಡೆದಿರಲಿಲ್ಲ. ಅದರ ಮೇಲೆ ಹಲಸಿನ ಮೇಣ ನೀಟಾಗಿ ಮೆತ್ತಿತ್ತು. ಎಣ್ಣೆ ಹಚ್ಚದೆ ಅದು ಬಿಡುವುದಿಲ್ಲ ಎಂದರು.

ಎಣ್ಣೆ ಕೇಳಲು ಪ್ರತಿಭಾ ಪಕ್ಕದ ಮನೆಗೆ ಹೋದಳು. ಕುಂಟುತ್ತ ಬಂದ ಮನೆಯೊಡತಿ ಹೊನ್ನಿ ಕೊಬ್ಬರಿ ಎಣ್ಣೆ ಕೊಟ್ಟಳು. ಒಲೆಯ ಮೇಲಿನ ಜಂತಿಗೆ ಮೇಣ ಸುತ್ತಿದ ಕೋಲು ಸಿಕ್ಕಿಸಿತ್ತು. ತೂತುಬಿದ್ದ ಪಾತ್ರೆಗೆ ಹಚ್ಚಲು ಹಳ್ಳಿಯವರು ಇಟ್ಟುಕೊಳ್ಳುವಂಥದ್ದು. ಅದರ ತುದಿ ಈಚೆಗೆ ಕಾಯಿಸಿದ್ದರಿಂದ ಹೊಳೆಯುತ್ತಿತ್ತು. ಪ್ರತಿಭಾ ಅದರ ಮಾತೆತ್ತದೆ, ಯಜಮಾನರು ಎಲ್ಲಿ ಎಂದಷ್ಟೇ ಕೇಳಿದಳು. ಗಂಡ ಬೈರ ಬೆಳಗಾಗುವ ಮೊದಲೇ ಗೋವಿನಜೋಳದ ಹೊಲಕ್ಕೆ ಹೋದವನು ತಿಂಡಿಗೂ ಬಂದಿರಲಿಲ್ಲ.

ಅವನನ್ನು ಕರೆತರಲು ಹೆಡ್ ಕಾನ್‌ಸ್ಟೇಬಲ್ ಮಡಿವಾಳಪ್ಪ ಹೊರಟ. ಇತ್ತ ಹೆಗಡೆಯವರು ಗಾಜು ಒರೆಸಿ ಕೆಳಗಿಳಿಯುವಷ್ಟರಲ್ಲಿ ಫೋನು ಕಿರುಚಿತು. ಅವರು ಪರದೆ ನೋಡಿದರು.

"ಈಗಲೇ ಸೋರ್ತಾ ಇದೆ. ಇಪ್ಪತ್ಮೂರಕ್ಕೂ ಇಪ್ಪತ್ನಾಲ್ಕಕ್ಕೂ ನಡುವೆ."

ನಡುವೆ ಇದ್ದದ್ದು ಅದೇ ಹೊಲ. ಪ್ರತಿಭಾ ಓಡಿದಳು. ಕಾಲುದಾರಿಗೆ ಯಾರೋ ಮುಳ್ಳುಕಂಟಿ ಅಡ್ಡ ಹಾಕಿದ್ದರು. ಅದರ ಮುಂದೆ ಬೈರ ನಿಂತು ಕೂಗುತ್ತಿದ್ದ: "ಹೋಗಬ್ಯಾಡ್ರಿ, ಹಾವು ಐತ್ರಿ!" ಮಡಿವಾಳಪ್ಪ ಆಗಲೇ ಮುಳ್ಳು ದಾಟಿದ್ದ. ಹಾವಿಗೆ ಹೆದರಿದರೆ ಪೊಲೀಸ್ ಕೆಲಸ ಯಾಕೆ ಎಂದು ನಗುತ್ತ ಜೋಳದೊಳಗೆ ಹೋಗುತ್ತಿದ್ದ.

"ಮಡಿವಾಳಪ್ಪ, ನಿಲ್ರಿ. ಹೆಜ್ಜೆ ಎತ್ತಬೇಡಿ."

ಅವನು ನಿಂತ. ಮೊಣಕಾಲಿನ ಎದುರಿಗೆ, ಒಂದು ಗೇಣಿನಾಚೆ, ಸಪೂರ ತಂತಿ. ಅದಕ್ಕೆ ತಾಗಿದ ಹಸಿ ಹುಲ್ಲು ಚಿಟಿಚಿಟಿ ಎನ್ನುತ್ತಿತ್ತು.

11.05ಕ್ಕೆ ಪ್ರತಿಭಾ ಲೈನ್‌ಮನ್ ವೆಂಕಟ್ರಮಣನಿಗೆ ಫೋನ್ ಮಾಡಿದಳು. ಅವನು ಬೈಕಿನಲ್ಲಿ ಟ್ರಾನ್ಸ್‌ಫಾರ್ಮರ್ ತಲುಪಿ ಲೈನ್ ತೆಗೆದಾಗ 11.14. ಸುತ್ತ ಇನ್ನೆಲ್ಲಿ ತಂತಿ ಇದೆಯೋ ತಿಳಿಯದೆ ಮಡಿವಾಳಪ್ಪ ಆ ಒಂಬತ್ತು ನಿಮಿಷ ನಿಂತಲ್ಲೇ ನಿಂತ. ಅವನಿಗೆ ಇಬ್ಬರು ಹೆಣ್ಣುಮಕ್ಕಳು ಎಂಬುದೊಂದೇ ಪ್ರತಿಭಾಳ ತಲೆಯಲ್ಲಿ ಸುತ್ತುತ್ತಿತ್ತು.

ಬೈರ ಏನನ್ನೂ ಮುಚ್ಚಿಡಲಿಲ್ಲ. ಹೋದ ವರ್ಷ ಇದೇ ಹೊಲದಲ್ಲಿ ಹಂದಿ ಹೊನ್ನಿಯ ತೊಡೆ ಸೀಳಿತ್ತು. ಅಂದಿನಿಂದ ಜೋಳದ ಎಲೆ ಅಲುಗಿದರೂ ಅವನಿಗೆ ಬೆವರು. ನಾಲ್ಕು ದಿನದ ಹಿಂದೆ ಗಾಜಿಗೆ ಮೇಣ ಮೆತ್ತಿದ್ದ. ರಾತ್ರಿ ಬೇಲಿಯ ತಂತಿಯನ್ನು ಕೊಕ್ಕೆಯಿಂದ ಲೈನಿಗೆ ಸಿಕ್ಕಿಸಿ, ಬೆಳಕು ಹರಿಯುವ ಮೊದಲು ಬಿದಿರಿನ ಗಳದಿಂದ ತೆಗೆಯುತ್ತಿದ್ದ. ಇಂದು ಕೊಕ್ಕೆ ಸಿಕ್ಕಿಕೊಂಡಿತ್ತು. ಹೇಳಿದರೆ ಜೈಲು, ಬಿಟ್ಟುಹೋದರೆ ಯಾರದೋ ಜೀವ. ಐದು ತಾಸು ಅಲ್ಲೇ ಕಾವಲು ನಿಂತಿದ್ದ.

"ಗಾಜು ಯಾಕೆ ಒಡೀಲಿಲ್ಲ ನೀನು?" ಎಂದಳು ಪ್ರತಿಭಾ.

"ಅದನ್ನ ಹಾಕುವಾಗ ಏಣಿ ಹಿಡಿದಾಂವ ನಾನೇರಿ. ಕೊಯ್ಲಾದ ಮ್ಯಾಲೆ ಎಣ್ಣಿ ಹಚ್ಚಿ ತೊಳೀಬೇಕಂತಿದ್ದೆ."

ಹೆಗಡೆಯವರು ಮುಖ ತಿರುಗಿಸಿದರು. ಪಂಚನಾಮೆ ಮುಗಿಸಿ, 11.50ಕ್ಕೆ ಬೈರನನ್ನು ಬಂಧಿಸಿ ಜೀಪು ಹತ್ತಿಸಿದರು. ಕೊಕ್ಕೆ ತೆಗೆದರಾ ಎಂದು ಅವನು ಕೇಳಿದ. ತೆಗೆದಿದೆ ಎಂದಳು ಪ್ರತಿಭಾ. ಜೀಪು ಹೊರಟ ಮೇಲೆ ಮತ್ತೆ ಅದನ್ನೇ ಕೇಳಿದ.

"ಎಷ್ಟು ಸಲ ಕೇಳ್ತೀಯೋ?"

"ಹನ್ನೆರಡಕ್ಕ ಹೊನ್ನಿ ಗಂಜಿ ತಗೊಂಡು ಅದೇ ದಾರೀಲಿ ಬರ್ತಾಳ್ರಿ."