ಅವನು ತೆಗೆದ ಟಿಕ್

ಮಾರಾಟಕ್ಕಿಟ್ಟ ಹೊಸ ಪೈಂಟ್ ಬ್ರಷ್ಷಿನಿಂದ ಪೂಜಾಶ್ರೀ ಕೀಬೋರ್ಡಿನ ಧೂಳು ತೆಗೆಯುತ್ತಿದ್ದಳು. ಪಕ್ಕದಲ್ಲಿ ಒಬ್ಬ ಅಪರಿಚಿತ ಯುವಕ ಕಾಯುತ್ತಿದ್ದ.

ಕೆಲಸ ಮುಗಿಸಿ ತಲೆಯೆತ್ತಿದಳು... ಅವನು ಅವಳನ್ನೇ ನೋಡುತ್ತಿದ್ದ! ತಟ್ಟನೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಅವನು ಸುಜನ್. ಅವಳು ಕೆಲಸಕ್ಕಿರುವ ಬಂದ್ಯೋಡಿನ ಈ ಪೈಂಟ್ ಅಂಗಡಿಯ ಕಂಪ್ಯೂಟರಿಗೂ ನಾಯ್ಮಾರ್ಮೂಲೆಯ ಗೋದಾಮಿನ ಕಂಪ್ಯೂಟರಿಗೂ ಸಂಪರ್ಕ ಮಾಡಿಕೊಡಲು ಬಂದವನು.

“ಅಷ್ಟು ದೂರಕ್ಕೆ ವಯರ್ ಎಳೀತೀರಾ?” ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಂಜುತ್ತಲೇ ಕೇಳಿದಳು.

“ವಯರ್ ಬೇಡ. ಇಂಟರ್ನೆಟ್ಟಿನ ಒಳಗೇ ಒಂದು ಗುಟ್ಟಿನ ದಾರಿ. ಇವೆರಡಕ್ಕೆ ಮಾತ್ರ. ಬೇರೆ ಯಾರಿಗೂ ಕಾಣುವುದಿಲ್ಲ.”

ಇಬ್ಬರಿಗೆ ಮಾತ್ರ ಕಾಣುವ ದಾರಿ! ಅದು ಹೇಗಿರಬಹುದು? ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

ಕೊನೆಗೆ, ಕಂಪ್ಯೂಟರ್ ಆನ್ ಆದ ಕೂಡಲೇ ದಾರಿ ತಾನಾಗಿ ತೆರೆಯಲಿ ಎಂಬ ಸಾಲಿನ ಮುಂದೆ ಅವನು ಟಿಕ್ ಹಾಕಿದ. ಓರೆಗಣ್ಣಿನಲ್ಲಿ ಅವಳನ್ನು ನೋಡಿದ. ಟಿಕ್ ತೆಗೆದುಬಿಟ್ಟ.

ಯಾಕೆ ತೆಗೆದ?

ಮರುದಿನ ಬೆಳಿಗ್ಗೆ ಪರದೆಯಲ್ಲಿ ಗೋದಾಮಿನ ಸ್ಟಾಕ್ ಕಾಣಲಿಲ್ಲ. ಸುಜನ್ ಬಂದ, ಸರಿ ಮಾಡಿದ, ಚಾ ಕುಡಿದು ಹೋದ. ಅದರ ಮರುದಿನವೂ ಅದೇ ಕಥೆ!

ಶನಿವಾರ ಧಣಿ ಪುರುಷೋತ್ತಮಣ್ಣ ರೇಗಿದರು. “ಇವನ ದಾರಿ ನಮ್ಮ ಹೈವೇ ಹಾಗೆ ಆಯ್ತಲ್ಲ ಮಾರಾಯ್ತಿ! ದಿನಾ ಬಂದ್. ಇವತ್ತೂ ಹೀಗೇ ಆದ್ರೆ ಬೇರೆ ಜನ ನೋಡುವ.”

ಪೂಜಾಶ್ರೀ ಪರದೆಯಲ್ಲಿ ಆ ಸಾಲನ್ನು ಹುಡುಕಿ ತೆರೆದಳು. ಟಿಕ್ ಹಾಕಿದರೆ ಅವನು ಬರಬೇಕಾಗಿಲ್ಲ... ಹಾಕದಿದ್ದರೆ ಅವನ ಹೆಸರು ಹಾಳು!

ಕಣ್ಣು ಮುಚ್ಚಿಕೊಂಡು ಹಾಕಿಯೇಬಿಟ್ಟಳು. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದಳು. ಸ್ಟಾಕ್ ಕಂಡಿತು.

ಎಂದಿನಂತೆ ಬಂದ ಸುಜನ್ ಪರದೆ ನೋಡಿ ಮಂಕಾದ.

“ನಾನು ಬರುವುದು ನಿಮಗೆ ಇಷ್ಟ ಇಲ್ವಾ?”

“ನಿಮಗೆ ಕೆಟ್ಟ ಹೆಸರು ಬರುವುದು ಇಷ್ಟ ಇಲ್ಲ.”

“ಹಾಗಾದ್ರೆ... ಟಿಕ್ ತೆಗೆದದ್ದನ್ನು ನೋಡಿದ್ರಾ?”

“ಹೂಂ. ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ.”

ಅವನ ಕಿವಿ ಕೆಂಪಾಯಿತು. “ನಿಮ್ಮನ್ನು ನೋಡ್ಲಿಕ್ಕೆ ನನಗೆ ಬೇರೆ ನೆಪ ಎಂತ ಇತ್ತು?”

ಅವಳ ಬೆರಳು ಬ್ರಷ್ಷಿನ ಕೂದಲನ್ನು ನೇವರಿಸುತ್ತಲೇ ಇತ್ತು.

“ಇನ್ನು ನೆಪ ಇಲ್ಲದೆ ಬನ್ನಿ.”

“ನಾಳೆ?”

“ನಾಳೆ ಆದಿತ್ಯವಾರ. ಅಂಗಡಿ ಇಲ್ಲ.”

“ಅದಕ್ಕೇ ಕೇಳಿದ್ದು...”

ಅವಳು ನಕ್ಕಳು. ಅವನೂ ನಕ್ಕ. ಕಣ್ಣು ಕದಲಿಸಲು ಇಬ್ಬರಿಗೂ ಮನಸ್ಸಿಲ್ಲ.

ಒಳಗಿನಿಂದ ಪುರುಷೋತ್ತಮಣ್ಣನ ದನಿ ಕೇಳಿತು. “ಪೂಜಾ, ಗೋದಾಮಿನಲ್ಲಿ ಬಿಳಿ ಪ್ರೈಮರ್ ಎಷ್ಟು ಉಂಟು? ಸ್ವಲ್ಪ ನೋಡಿ ಹೇಳು!”