ಎಡಬಾಗಿಲ ಮೇಲಿನ ಕೈಗುರುತು

"ಈ ಲಾರಿನ ತೊಳೆದೋರು ಯಾರು?"

ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಯುವಕನ ದನಿ ನಡುಗುತ್ತಿತ್ತು. ಜಗಲಿಯ ಮೇಲೆ ಹಾಸಿದ್ದ ಟವೆಲ್ಲಿನಲ್ಲಿ ಗೇಣುದ್ದದ ಮಿಲಿಟರಿ ಲಾರಿ ಬಿಸಿಲಿಗೆ ಒಣಗುತ್ತಿತ್ತು. ಹಿಂದೆ ಪುಟ್ಟ ಕ್ರೇನು, ಅದಕ್ಕೊಂದು ಕೊಕ್ಕೆ... ಎಲ್ಲವೂ ಥಳಥಳ!

"ನಾನೇ ತೊಳೆದೆ," ಎಂದಳು ಯಶೋಧರಾ. "ಅಷ್ಟು ಕೆಸರು ಮೆತ್ತಿದ್ದನ್ನ ಹಂಗೇ ಕಳಿಸಿದೋರಿಗೆ ನಾಚಿಕೆ ಆಗ್ಲಿಲ್ವೇನೋ!"

ಜಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನಮ್ಮ ಯಶೋಧರಾಗೆ ಕೊಳೆ ಕಂಡರೆ ಆಗದು. ಹಿಂದಿನ ಸಂಜೆ ಬಸ್ಸಿನಲ್ಲಿ ಬಂದ ಪಾರ್ಸೆಲ್ಲನ್ನು ಅಪ್ಪ ನೋಡುವ ಮೊದಲೇ ಬಿಚ್ಚಿ, ಸೋಪು ಹಾಕಿ ಉಜ್ಜಿದ್ದಳು. ಮಹಾ ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ!

ಆತ ಲಾರಿಯ ಎಡಬಾಗಿಲನ್ನು ಒಮ್ಮೆ ಸವರಿದ. ಅದನ್ನು ಟವೆಲ್ ಸಮೇತ ಎತ್ತಿಕೊಂಡ.

"ಸಿದ್ದೇಶ್ ವಾಪಸ್ ತಗೊಂಡು ಹೋದ ಅಂತ ಅಪ್ಪಾಜಿಗೆ ಹೇಳ್ರಿ."

ಸಿದ್ದೇಶ್... ಇವನೇನಾ?

ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಅಪ್ಪನ ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದ ದನಿ ಅದು. ನ್ಯಾಮತಿಯಲ್ಲಿ ನಂಬರ್ ಪ್ಲೇಟ್ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ಸೇನೆಯ ವಾಹನಗಳ ಮಾದರಿ ಮಾಡುವವನು. ಆ ದನಿಗಾಗಿಯೇ ಭಾನುವಾರ ಅಡುಗೆಮನೆ ಬಿಟ್ಟು ಪಡಸಾಲೆಯಲ್ಲಿ ಸೊಪ್ಪು ಬಿಡಿಸಲು ಕೂರುತ್ತಿದ್ದಳು ಹುಡುಗಿ. ಅದನ್ನು ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಅವಳಪ್ಪ ತಿಪ್ಪೇಶಪ್ಪ ಸೇನೆಯಲ್ಲಿ ಹದಿನೇಳು ವರ್ಷ ಓಡಿಸಿದ್ದು ರಿಕವರಿ ಲಾರಿ. ಕೆಟ್ಟು ನಿಂತ, ಪ್ರಪಾತಕ್ಕೆ ಜಾರಿದ ಗಾಡಿಗಳನ್ನು ಎಳೆದು ತರುವ ಲಾರಿ. ಅದು ಯಾವ ವರ್ಷ ಪಡೆಗೆ ಬಂತು, ಎಷ್ಟು ಸಲ ಎಂಜಿನ್ ಇಳಿಸಿದರು, ಯಾವ ಘಾಟಿಯಲ್ಲಿ ಬಂಪರ್ ಡೊಂಕಾಯಿತು... ಎಲ್ಲವನ್ನೂ ಸಿದ್ದೇಶ್ ಅದರ ಮಾದರಿ ಮಾಡಲೆಂದು ಕೇಳಿ ಕೇಳಿ ಬರೆದುಕೊಂಡಿದ್ದ. ಒಂದು ವಿಷಯ ಬಂದಾಗ ಮಾತ್ರ ತಿಪ್ಪೇಶಪ್ಪ ಫೋನು ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು.

ಆ ವಿಷಯ ಯಶೋಧರಾಗೆ ತಿಳಿದದ್ದು ಅವತ್ತು, ನೆಂಟರ ಮನೆಗೆಂದು ಬಿಳಿಚೋಡಿಗೆ ಹೋಗಿದ್ದ ಅಪ್ಪ ವಾಪಸ್ ಬಂದ ಮೇಲೆ.

ಇಪ್ಪತ್ತೇಳು ವರ್ಷದ ಹಿಂದೆ ಸಿಕ್ಕಿಂನಲ್ಲಿ ಗುಡ್ಡ ಕುಸಿದಿತ್ತು. ಅಪ್ಪನ ಜೊತೆಗಾರ, ಸೂಳೆಕೆರೆ ಕಡೆಯ ಹಾಲಸ್ವಾಮಿ, ಜವಾನರು ತುಂಬಿದ್ದ ಗಾಡಿಗೆ ಕೊಕ್ಕೆ ಸಿಕ್ಕಿಸಿ ಬಂದು, ಎಳೆ ಎನ್ನುವಂತೆ ಕೆಸರುಗೈಯಲ್ಲಿ ಅಪ್ಪನ ಲಾರಿಯ ಎಡಬಾಗಿಲು ತಟ್ಟಿದ್ದ. ಗಾಡಿ ಮೇಲೆ ಬಂತು. ಗುಡ್ಡ ಇನ್ನೊಮ್ಮೆ ಕುಸಿಯಿತು. ಹಾಲಸ್ವಾಮಿ ಉಳಿಯಲಿಲ್ಲ.

"ಅವನ ಕೈಗುರುತಿದ್ದ ಆ ಬಾಗಿಲು ತೊಳೀಲಿಲ್ಲ ಅಂತ ಏಳು ದಿನ ಶಿಕ್ಷೆ ತಿಂದೆ ಕಣವ್ವ," ಎಂದರು ಅಪ್ಪ. "ಕೊನೆಗೆ ಅವರು ಮುಟ್ಟಿದ್ದು ಏನು ಅಂತ ಅವನ ಹೆಂಡ್ತಿ ಪ್ರೇಮಮ್ಮ ಕೇಳಿದ್ರು. ಅವತ್ತು ಬಾಯಿ ಬರ್ಲಿಲ್ಲ ನಂಗೆ. ಈ ಶುಕ್ರವಾರ ಅವನ ವರ್ಷದ ದಿನ. ಆ ಪುಟ್ಟ ಲಾರಿನ ಪ್ರೇಮಮ್ಮನ ಕೈಗೆ ಕೊಡಬೇಕಂತಿದ್ದೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಪ್ಪ ಬೈಯಲಿಲ್ಲ. ಊಟ ಮಾಡದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

'ಅಪ್ಪ ಶಿಕ್ಷೆ ತಿಂದು ಉಳಿಸಿಕೊಂಡಿದ್ದನ್ನ ನಾನು ಹತ್ತು ನಿಮಿಷದಲ್ಲಿ ಅಳಿಸಿಬಿಟ್ಟೆನಲ್ಲ...'

ಸೋಮವಾರ ಸಿದ್ದೇಶ್‌ಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಮಂಗಳವಾರ ಆರು ಸಲ ಮಾಡಿದಳು. ಇಂಜೆಕ್ಷನ್ ಕೊಡುವಾಗಲೂ ಕಿವಿಯೆಲ್ಲ ಮೊಬೈಲಿನ ಮೇಲೆ. ಅಷ್ಟೊಂದು ಕೋಪವಾ? ನನ್ನ ದನಿ ಕೇಳುವುದೂ ಬೇಡವಾಯಿತಾ? ಯಾಕೋ ಅಳು ಬಂತು. ಅದು ಬರೀ ಲಾರಿಗಾಗಿ ಬಂದ ಅಳುವಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ಬುಧವಾರ ರಜೆ ಹಾಕಿ ಬಸ್ ಹತ್ತಿದಳು. ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು. ಹೊನ್ನಾಳಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದಾಗ, ಅವನ ಲೋಟ ಯಾವಾಗ ಖಾಲಿಯಾಗುತ್ತದೋ ಎಂದು ಕಿಟಕಿಯಿಂದ ಕತ್ತು ಚಾಚಿ ಕೂತಳು.

ನ್ಯಾಮತಿಯ ಅಂಗಡಿಯಲ್ಲಿ ಸಿದ್ದೇಶ್ ಗಡ್ಡ ಬಿಟ್ಟುಕೊಂಡು, ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ. ಕೆಸರು, ತುಕ್ಕು, ಗೀರು ಎಲ್ಲವೂ ಲಾರಿಗೆ ಮರಳಿದ್ದವು. ಎಡಬಾಗಿಲು ಮಾತ್ರ ಖಾಲಿ.

"ಫೋನ್ ಯಾಕೆ ಎತ್ತಲ್ಲ ನೀವು?"

"ಏನಂತ ಹೇಳ್ಲಿ? ಅಪ್ಪಾಜಿ ಒಪ್ಪಿದ ಮೇಲೆ ಕೆಸರಿನ ಬಣ್ಣ ನಿಲ್ಲಾಕೆ ವಾರ್ನಿಶ್ ಹೊಡೆಯೋಣ ಅಂತ ಹಂಗೇ ಕಳಿಸಿದ್ದು ನನ್ನ ತಪ್ಪು. ಈಗ ಆ ಕೈಗುರುತು ಬರ್ತಾನೇ ಇಲ್ಲ. ಇಪ್ಪತ್ತು ಸಲ ಬರೆದು ಒರೆಸಿದೆ. ಕೈ ನಡುಗ್ತೈತೆ."

ಅಂದರೆ... ಕೋಪವಲ್ಲ! ಯಶೋಧರಾ ಬ್ಯಾಗಿನಿಂದ ಹೊಸ ಸಿರಿಂಜ್ ತೆಗೆದಳು. ಎಳೆ ಮಕ್ಕಳ ನೂಲಿನೆಳೆಯಂಥ ನರ ಹುಡುಕಿ ಸೂಜಿ ಹಾಕುವ ಕೈ ಅದು. ಬಣ್ಣ ಎಷ್ಟು ತೆಳ್ಳಗಿರಬೇಕು, ಹೆಬ್ಬೆರಳು ಯಾವ ಕಡೆ, ಎಲ್ಲಿ ಒತ್ತು ಹೆಚ್ಚು ಎಂದು ಅವನು ಹೇಳುತ್ತ ಹೋದ. ಅವಳು ಸೂಜಿಯ ತುದಿಯಿಂದ ಹಚ್ಚುತ್ತ ಹೋದಳು. ಕಡಲೆಕಾಳಿಗಿಂತ ಚಿಕ್ಕ ಅಂಗೈ... ಒಂದೊಂದಾಗಿ ಐದು ಬೆರಳು ಮೂಡಿದವು. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು. ಪುಣ್ಯಕ್ಕೆ ಕೈ ಅಲುಗಲಿಲ್ಲ.

ಶುಕ್ರವಾರ ಅಪ್ಪನೂ ಸೇರಿ ಮೂವರೂ ಚನ್ನಗಿರಿಗೆ ಹೋಗಿ, ಅಲ್ಲಿಂದ ಸೂಳೆಕೆರೆ ಪಕ್ಕದ ಹಳ್ಳಿಗೆ ಆಟೋ ಹಿಡಿದರು. ತಿಪ್ಪೇಶಪ್ಪ ಲಾರಿಯನ್ನು ಪ್ರೇಮಮ್ಮನ ಮಡಿಲಲ್ಲಿಟ್ಟು, ತಡೆತಡೆದು ಎಲ್ಲವನ್ನೂ ಹೇಳಿದರು. ಪ್ರೇಮಮ್ಮ ಆ ಗುರುತಿನ ಮೇಲೆ ತೋರುಬೆರಳಿಟ್ಟರು. ಬೆರಳ ತುದಿಯ ಕೆಳಗೆ ಇಡೀ ಕೈ ಮುಚ್ಚಿಹೋಯಿತು.

"ಒಬ್ಬರೇ ಹೋದ್ರೇನೋ ಅಂತ ಇಷ್ಟು ವರ್ಷ ಕೊರಗಿದ್ದೆ ತಿಪ್ಪೇಶಪ್ಪ," ಎಂದರು. "ನೀನು ಇದ್ದೆಯಲ್ಲ, ಬಾಗಿಲ ಆ ಕಡೆಗೆ."

ತಿಪ್ಪೇಶಪ್ಪ ಬಿಕ್ಕಿ ಬಿಕ್ಕಿ ಅತ್ತರು. ಮಗಳು ಅಪ್ಪ ಅತ್ತಿದ್ದನ್ನು ನೋಡಿದ್ದು ಅದೇ ಮೊದಲು. ಹಿರಿಯರಿಬ್ಬರನ್ನೂ ಬಿಟ್ಟು ಅವಳು ಮೆಲ್ಲಗೆ ಹೊರಬಂದಳು. ಸಿದ್ದೇಶ್ ಹಿಂದೆಯೇ ಬಂದ.

"ಅವತ್ತು ನಾನು ಜಗಳೂರಿಗೆ ಬಂದಿದ್ದು ಬರೀ ಲಾರಿ ನೋಡಾಕಲ್ಲ," ಎಂದ ನೆಲ ನೋಡುತ್ತ.

"ಮತ್ತೆ?"

"ಅಪ್ಪಾಜಿ ಮಾತಿನ ನಡುವೆ 'ಅಪ್ಪ, ಮಾತ್ರೆ ನುಂಗಿದ್ಯಾ' ಅಂತ ಒಂದು ದನಿ ಕೇಳ್ತಿತ್ತು. ಅದರ ಮುಖ ನೋಡಬೇಕಿತ್ತು..." ಅಷ್ಟಕ್ಕೇ ನಿಲ್ಲಿಸಿದ. "ಇವತ್ತು ಬ್ಯಾಡ. ಇನ್ನೊಂದು ದಿನ ಹೇಳ್ತೀನಿ."

"ಇಲ್ಲ ರೀ." ಯಶೋಧರಾಳ ಕಣ್ಣು ತುಂಬಿತ್ತು. "ಒಳಗೆ ನೋಡಿದ್ರಲ್ಲ, ಹೇಳಬೇಕಾದ ಒಂದು ಮಾತಿಗೆ ಇಪ್ಪತ್ತೇಳು ವರ್ಷ ಹಿಡೀತು. ಅಷ್ಟು ಕಾಯಾಕೆ ನನ್ನ ಕೈಲಾಗಲ್ಲ. ಈಗಲೇ ಹೇಳ್ರಿ."

ಸಿದ್ದೇಶ್ ತಲೆಯೆತ್ತಿದ.

"ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ ಐತೆ ನಂಗೆ."

"ನಂಗೂ ಐತೆ," ಎಂದು ಅವಳು ಅವನ ಕೈ ಹಿಡಿದುಕೊಂಡಳು.