ಗುಪ್ತ ಕೆಲಸದ ಹರಿಸೇವೆ

ಮಂಗಳವಾರ ಬೆಳಿಗ್ಗೆ ಹತ್ತೂ ಕಾಲಿಗೆ ಅರಸೀಕೆರೆ ಗ್ರಾಮಾಂತರ ಠಾಣೆಗೆ ಬಂದ ದೂರು, ಇನ್‌ಸ್ಪೆಕ್ಟರ್ ಉಮಾಶಂಕರ್ ತಮ್ಮ ಸರ್ವೀಸಿನಲ್ಲಿ ಕಂಡಿರದಂಥದ್ದು. ಬದುವಿನ ಜಗಳ, ಕೊಬ್ಬರಿ ಕಳವು, ಬೈಕು ಡಿಕ್ಕಿ ಇವುಗಳಲ್ಲೇ ತಲೆ ನರೆಸಿಕೊಂಡ ಠಾಣೆ ಅದು. ಈ ಸಲದ ದೂರುದಾರರು ರಾಜ್ಯ ಗುಪ್ತಚರ ವಿಭಾಗದ ಡಿವೈಎಸ್‌ಪಿ ಮಾಲಿನಿ. ಕೊಟ್ಟ ಕಾಫಿಯನ್ನೂ ಮುಟ್ಟದೆ ಅವರು ಒಂದು ಫೋಟೋ ಮೇಜಿನ ಮೇಲಿಟ್ಟರು. ಸೇನೆಯ ವಿಶೇಷ ರೈಲು, ತಾರ್ಪಾಲು ಹೊದಿಸಿದ ಟ್ಯಾಂಕುಗಳು, ಹಿಂದೆ ತೆಂಗಿನ ತೋಟ.

“ಬಾಣಾವರದ ಹತ್ತಿರ ತೆಗೆದದ್ದು. ಗಡಿಯಾಚೆಯವರ ನಂಬರಿಗೆ ಹೋಗಿದೆ. ಗುರುವಾರ ಇನ್ನೊಂದು ರೈಲು ಇದೇ ದಾರೀಲಿ ಬರುತ್ತೆ. ಅಷ್ಟರೊಳಗೆ ಕಳಿಸಿದವನು ಸಿಗಬೇಕು. ಇನ್ನೇನೇನು ಕಳಿಸಿದ್ದಾನೆ ಅನ್ನೋದೂ ಗೊತ್ತಾಗಬೇಕು.”

ಅಧಿಕೃತ ರಹಸ್ಯಗಳ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಫೋಟೋ ಕಳಿಸಿದ ಸಿಮ್ ಬಾಣಾವರದಾಚೆಯ ಹಳ್ಳಿಯೊಂದರ ಬೋರಮ್ಮ ಎಂಬುವರ ಹೆಸರಿನಲ್ಲಿತ್ತು. ಉಮಾಶಂಕರ್, ಮಾಲಿನಿ, ಆ ಊರಿನ ಬೀಟ್ ನೋಡುವ ಕಾನ್‌ಸ್ಟೆಬಲ್ ಇಂದ್ರೇಶ್ ಮೂವರೂ ಜೀಪು ಹತ್ತಿದರು.

ಬೋರಮ್ಮ ಎಪ್ಪತ್ತು ದಾಟಿದ ಮುದುಕಿ. ಜಗುಲಿಯ ಮೇಲೆ ಕೂತು ತೆಂಗಿನ ಗರಿಯಿಂದ ಪೊರಕೆಕಡ್ಡಿ ಸೀಳುತ್ತಿದ್ದಳು.

“ಈ ನಂಬರು ನಿಮ್ದಾ ಅಜ್ಜಿ?”

“ನಂಗ್ಯಾಕಪ್ಪ ನಂಬರು? ಎದುರುಮನೆ ದೇವೀರಮ್ಮನ ಮಗ ಮಧುಕುಮಾರ ನನ್ ಆಧಾರ್ ಈಸ್ಕೊಂಡ್ ಹೋಗಿದ್ದ. ಅವ್ನಿಗೆ ಗುಪ್ತ ಪೊಲೀಸ್ ಕೆಲ್ಸ ಸಿಕ್ಕೈತೆ. ಯಾರ್ಗೂ ಹೇಳ್ಬ್ಯಾಡಿ ಅಂತ ಅವ್ರವ್ವ ಊರ್ಗೆಲ್ಲ ಹೇಳವ್ಳೆ.”

“ಊರಿಗೆಲ್ಲನಾ?”

“ಹೂಂ. ಹೋದ ತಿಂಗ್ಳು ಹರಿಸೇವೆ ಮಾಡ್ಸಿದ್ಲಲ್ಲ. ಮಗನಿಗೆ ಕೆಲ್ಸ ಸಿಕ್ರೆ ಮಾಡುಸ್ತೀನಿ ಅಂತ ತಿಮ್ಮಪ್ಪಂಗೆ ಹರಕೆ ಹೊತ್ತಿದ್ಲು. ದಾಸಯ್ಯಗಳು ಶಂಖ ಊದಿದ್ರು, ಊರೋರೆಲ್ಲ ಉಂಡ್ರು. ಈ ಇಂದ್ರೇಶಪ್ಪಾರೂ ಎರಡು ಸಲ ಪಾಯ್ಸ ಹಾಕುಸ್ಕೊಂಡ್ರು.”

ಇಂದ್ರೇಶ್ ಇಲ್ಲದ ಧೂಳನ್ನು ಟೋಪಿಯಿಂದ ಕೊಡವತೊಡಗಿದ.

“ಯಾವ ಕೆಲಸ ಅಂತ ಕೇಳಲಿಲ್ಲವೇನ್ರೀ?” ಎಂದರು ಉಮಾಶಂಕರ್.

“ಕೇಳ್ದೆ ಸಾರ್. ಹೇಳೋಂಗಿಲ್ಲ ಅಂದ. ಇರಬೋದು ಅನ್ಕೊಂಡೆ.”

ಪಾಯಸ ಎರಡು ಸಲ ಬಿದ್ದ ಹೊಟ್ಟೆಯಲ್ಲಿ ಅನುಮಾನಕ್ಕೆ ಜಾಗವೆಲ್ಲಿಂದ ಬರಬೇಕು? ಉಮಾಶಂಕರ್ ಬೈಯಲಿಲ್ಲ. ಬೈಗುಳ ಠಾಣೆಗೆ ಹೋದ ಮೇಲೂ ಹಳಸುವುದಿಲ್ಲ.

ಎದುರುಮನೆಯ ಬಾಗಿಲಲ್ಲಿ ಖಾಕಿ ಕಂಡದ್ದೇ ದೇವೀರಮ್ಮನ ಮುಖ ಅರಳಿತು. “ಬನ್ನಿ ಬನ್ನಿ. ನಮ್ ಮಧು ಆಫೀಸಿನೋರಾ? ಮಗಾ, ನಿಮ್ ಸಾಹೇಬ್ರು ಬಂದವ್ರೆ ಕಣೋ!” ಪೊಲೀಸರನ್ನು ಕಂಡು ಹೀಗೆ ಸಂತೋಷಪಟ್ಟವರನ್ನು ಉಮಾಶಂಕರ್ ನೋಡಿರಲಿಲ್ಲ.

ಹಿತ್ತಲಿನಿಂದ ಬಂದ ಮಧುಕುಮಾರನಿಗೆ ಇಪ್ಪತ್ತನಾಲ್ಕರ ಪ್ರಾಯ. ಗಿಡ್ಡ ಆಳು, ಸಿಪಾಯಿ ಕಟಿಂಗು. ಬಂದವರ ನಡುವೆ ಅಪರಿಚಿತ ಮುಖ ಕಂಡೊಡನೆ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿಬಿಟ್ಟ. ಆಮೇಲೆ ಎದೆ ಸೆಟೆಸಿ ನಿಂತ. ಊರಿನ ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಫೋನನ್ನು ಜಪ್ತಿ ಮಾಡಿದರು. ಅದೂ ಕೆಲಸದ ಕಾಗದಪತ್ರವೇ ಎಂದುಕೊಂಡ ದೇವೀರಮ್ಮ ಮಗನನ್ನು ಜೀಪು ಹತ್ತಿಸಿ ಕಳಿಸಿದಳು.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಉಮಾಶಂಕರ್ ವಿಚಾರಣೆ ಶುರು ಮಾಡಿದರು.

“ರೈಲಿನ ಫೋಟೋ ತೆಗೆದವನು ನೀನೇನಾ?”

“ಹೌದು.”

“ಯಾರಿಗೆ ಕಳಿಸಿದೆ?”

“ಹೇಳೋಂಗಿಲ್ಲ ಸಾರ್.”

“ಎಷ್ಟು ಕೊಟ್ಟರು?”

ಅವನಿಗೆ ಸಿಟ್ಟು ಬಂತು. “ಒಂದ್ ಪೈಸಾನೂ ಇಲ್ಲ. ಪೊಲೀಸ್ರು ಹಿಡಿದ್ರೂ ಬಾಯಿ ಬಿಡಬ್ಯಾಡ ಅಂದವ್ರೆ. ಅವ್ರು ನಿಮಗಿಂತ ಮೇಲ್ನೋರು.”

ಹೊರಗೆ ಬಂದ ಮಾಲಿನಿ ದನಿ ತಗ್ಗಿಸಿದರು. “ದೇಶಕ್ಕೆ ಕೆಲಸ ಮಾಡ್ತಿದ್ದೀನಿ ಅಂತ ನಂಬಿದ್ದಾನೆ. ಅವನ ಸಾಹೇಬರ ಕಡೆಯವಳು ಅಂತಲೇ ನಾನು ಕೇಳ್ತೀನಿ. ಐದು ನಿಮಿಷ ಸಾಕು.”

“ಒಂದು ಸುಳ್ಳು ಅವನನ್ನ ಇಲ್ಲೀತನಕ ತಂದಿದೆ ಮೇಡಂ. ಇನ್ನೊಂದು ನಮ್ಮದು ಬೇಡ. ಒಂದು ಗಂಟೆ ಕೊಡಿ.”

“ರೈಲು ಕಾಯಲ್ಲ ಉಮಾಶಂಕರ್.”

“ಗೊತ್ತು ಮೇಡಂ.”

ಮಾಲಿನಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದೇಶ ಕಾಯುವ ಕೆಲಸದಲ್ಲಿ ಒಳಗೊಂದು ಹೊರಗೊಂದು ಆಡಬೇಕಾಗುತ್ತದೆ ಎಂಬುದು ಉಮಾಶಂಕರ್ ಅವರಿಗೂ ತಿಳಿದದ್ದೇ. ಆದರೂ ಮಗನ ಸಾಹೇಬರೆಂದು ನಂಬಿ ತಮ್ಮನ್ನು ಒಳಗೆ ಕರೆದ ಆ ತಾಯಿಯ ಮುಖ ಕಣ್ಣಿಗೆ ಕಟ್ಟಿತ್ತು. ಅವರು ಮತ್ತೆ ಒಳಗೆ ಹೋಗಿ ಕೂತರು.

“ಹರಿಸೇವೆ ವಿಷಯ ನಿಮ್ಮ ಸಾಹೇಬರಿಗೆ ಗೊತ್ತಿತ್ತಾ?”

“ಗೊತ್ತಿತ್ತು. ಖುಷಿಪಟ್ರು. ಪಂಕ್ತೀದು ವಿಡಿಯೋ ಕಳ್ಸು ಅಂದ್ರು.”

“ಗುಪ್ತ ಕೆಲಸದವರಿಗೆ ಊಟದ ವಿಡಿಯೋ ಯಾಕೆ? ಪಂಕ್ತೀಲಿ ಯಾರ್ಯಾರಿದ್ದರು?”

“ನೆಂಟ್ರು. ರಜದ ಮೇಲ್ ಬಂದಿದ್ದ ನಮ್ ಚಿಕ್ಕವ್ವನ ಮಗ ಸುನಿಲಣ್ಣ. ಮಿಲಿಟ್ರೀಲವ್ನೆ.”

“ಅವನ ನಂಬರ್ ಕೇಳಿದರಾ?”

ಹುಡುಗ ತಡೆದು ಹೇಳಿದ. “ಶಹಭಾಷ್ ಹೇಳಕ್ಕೆ ಅಂದ್ರು.”

ಉಮಾಶಂಕರ್ ಇಂದ್ರೇಶನನ್ನು ಕರೆದು ಸುನಿಲನಿಗೆ ಫೋನ್ ಹಚ್ಚಿಸಿದರು, ಸ್ಪೀಕರಿನಲ್ಲಿ. “ನಾನು ಕಣಪ್ಪ, ಬೀಟ್ ಪೊಲೀಸ್ ಇಂದ್ರೇಶ. ಹರಿಸೇವೇಲಿ ನಿನ್ ಪಕ್ಕದಲ್ಲೇ ಉಂಡಿದ್ನಲ್ಲ. ಈಚೆಗೆ ಹೊಸಬ್ರು ಯಾರಾದ್ರೂ ಫೋನ್ ಮಾಡಿದ್ರಾ?”

“ಮಾಡಿದ್ರು ಸಾರ್. ಯಾವನೋ ಮೇಜರ್ ಅಂತೆ. ನಿನ್ ಯೂನಿಟ್ ಎಲ್ಲೈತೆ, ಯಾವಾಗ ಹೊರಡ್ತೈತೆ ಅಂತ ಕೇಳ್ದ. ಮೇಜರ್ ಆದೋನು ಅದ್ನ ನನ್ನ ಕೇಳ್ತಾನಾ? ಕಟ್ ಮಾಡಿ ಮೇಲಕ್ಕೆ ತಿಳಿಸ್ದೆ. ನನ್ ನಂಬರ್ ಯಾರ್ ಕೊಟ್ರೋ ಕಾಣೆ. ಯಾಕ್ ಸಾರ್, ಊರಲ್ಲೆಲ್ಲ ಚೆನ್ನಾಗವ್ರಾ?”

ಸೆಟೆದಿದ್ದ ಎದೆ ಕುಸಿಯಿತು. ಮಧುಕುಮಾರ ಯಾರೂ ಹೇಳದೆಯೇ ನೆಲದ ಮೇಲೆ ಕೂತುಬಿಟ್ಟ.

“ನಾನೇ ಕೊಟ್ಟಿದ್ದು ಸಾರ್.”

ಆಮೇಲೆ ಅವನು ಏನನ್ನೂ ಮುಚ್ಚಿಡಲಿಲ್ಲ. ಎರಡು ರೈಲಿನ ಫೋಟೋ ಕಳಿಸಿದ್ದ. ಬೇಲೂರಿನಲ್ಲೊಬ್ಬ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲೊಬ್ಬ ತನ್ನಂತೆಯೇ ‘ಡ್ಯೂಟಿ’ಗೆ ಸೇರಿದ್ದಾರೆಂದು ಸಾಹೇಬ ಹೇಳಿಕೊಂಡಿದ್ದ. ಮಾಲಿನಿಯವರ ತಂಡ ಕತ್ತಲಾಗುವ ಮುಂಚೆಯೇ ಅತ್ತ ಹೊರಟಿತು. ಗುರುವಾರದ ರೈಲಿನ ವೇಳೆಯನ್ನು ಬದಲಿಸಲು ಮೇಲಕ್ಕೆ ಸಂದೇಶ ಹೋಯಿತು. ಹೊರಡುವಾಗ ಮಾಲಿನಿ, “ನಿಮ್ಮ ಒಂದು ಗಂಟೆ ಚೆನ್ನಾಗಿತ್ತು” ಎಂದಷ್ಟೇ ಹೇಳಿದರು.

ಸಂಜೆ ಆರೂವರೆಗೆ ಬಂಧನವಾಯಿತು. ಬಂಧನದ ಪತ್ರಕ್ಕೆ ಮನೆಯವರ ಸಹಿ ಬೇಕು. “ಅವ್ವಂಗ್ ಮಾತ್ರ ಹೇಳ್ಬ್ಯಾಡಿ ಸಾರ್” ಎಂದು ಹುಡುಗ ಕೈ ಮುಗಿದ. ಅಷ್ಟರಲ್ಲಿ ದೇವೀರಮ್ಮ ಮುದ್ದೆ, ಸೊಪ್ಪಿನ ಸಾರು ಹಿಡಿದು ಠಾಣೆಯ ಮೆಟ್ಟಿಲು ಹತ್ತಿದ್ದಳು. ಕಾಗದ ನೋಡಿ, “ಆರ್ಡ್ರು ಬಂತಾ ಸ್ವಾಮಿ?” ಎಂದಳು.

ಉಮಾಶಂಕರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ಅಳಲಿಲ್ಲ.

“ಮೂರು ಸಲ ಮಿಲಿಟ್ರಿ ಸೆಲೆಕ್ಷನ್‌ಗೆ ಹೋಗಿದ್ದ. ಎಲ್ಲರ್ಗಿಂತ ಮುಂದೆ ಓಡ್ದ. ಮೂರು ಸಲಾನೂ ಎತ್ರ ಸಾಲ್ದು ಅಂದ್ರು. ಇಷ್ಟೇ ಸಾಕು ಬಾರಪ್ಪ ಅಂದೋನು ಆ ಫೋನಿನೋನೊಬ್ನೇಯ” ಎಂದು ನಿಟ್ಟುಸಿರುಬಿಟ್ಟಳು. “ಇವ್ನಿಂದ ಯಾರ್ಗಾದ್ರೂ ಏನಾರ ಆಗೈತಾ?”

“ಇಲ್ಲ ತಾಯಿ. ತಡೆದಿದ್ದೀವಿ.”

“ಸುನಿಲಂಗೆ?”

“ಅವನೂ ಚೆನ್ನಾಗಿದ್ದಾನೆ.”

ದೇವೀರಮ್ಮ ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಊಟದ ಗಂಟನ್ನು ಮಗನ ಮುಂದಿಟ್ಟು, “ಆರೋಗೋಕ್ ಮುಂಚೆ ಉಣ್ಣು” ಎಂದಳು. ಕತ್ತಲಾಗುತ್ತಿದೆ, ಜೀಪಿನಲ್ಲಿ ಬಿಡಿಸುತ್ತೇನೆಂದು ಉಮಾಶಂಕರ್ ಎದ್ದರು.

“ಬ್ಯಾಡ ಸ್ವಾಮಿ, ಬಸ್ಸಲ್ಲೇ ಹೋಯ್ತೀನಿ. ಕೆಲ್ಸ ಸಿಕ್ತು ಅಂತ ಮನೆಮನೆಗೂ ಹೋಗಿ ಹೇಳ್ದೋಳು ನಾನು. ಇದ್ನೂ ನಾನೇ ಹೋಗಿ ಹೇಳ್ಬೇಕು.”